ಪೆನಾಂಗ್ ದ್ವೀಪದಲ್ಲಿ ಅಕ್ಕನ ಲಿಂಗ

ಪೆನಾಂಗ್ ದ್ವೀಪವನ್ನು ಕಾರಿನಲ್ಲಿ ಒಂದೇ ದಿನದಲ್ಲಿ ಸುತ್ತಿ ಮುಗಿಸಬಹುದು ಎನ್ನುತ್ತಾರೆ. ನಾನೂ ನನ್ನ ಅಕ್ಕ ಪುಟ್ಟಮಲ್ಲಮ್ಮನೂ ಮುಕ್ಕಾಲು ಸುತ್ತು ಹೋಗಿ ಬಂದ ದಾರಿಯಲ್ಲೇ ವಾಪಸು ತಿರುಗಿದೆವು. ಉಳಿದ ಕಾಲು ಭಾಗದಲ್ಲಿ ಏನಿದೆ ಎಂಬುದನ್ನು ಅಲ್ಲಿಗೆ ಹೋದವರು ಬರೆಯಲಿ. ನಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು, ನಾವು ಮಲೇಷ್ಯಾಕ್ಕೆ ಹೋದ ಕಾರಣ. ಅಕ್ಕನ ಮಗಳು ಸುಧಾ ಗಂಡನೊಂದಿಗೆ ಅಲ್ಲಿದ್ದಳು. ಅವನು ದ್ವೀಪದ ಎದುರಿನ ಒಳನಾಡಿನಲ್ಲಿ ತಾಳೆಎಣ್ಣೆ ಗಿರಣಿಯೊಂದರ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಸುಧಾಗೆ ಹೆರಿಗೆಯಾಯಿತು. ಬಾಣಂತನಕ್ಕೆ ತಾಯಿ ಹೋಗಬೇಕು. ಆದರೆ ಅಕ್ಕ ತಾಳವಾಡಿಯಿಂದ ಹೊರಟು ಸತ್ಯಮಂಗಲದ ಆಚೆಗೆ ಒಬ್ಬಳೇ ಹೋದವಳಲ್ಲ. ನಾನು ಶಾಲೆಯಿಂದ ನಿವೃತ್ತನಾಗಿದ್ದೆ. ಹೀಗಾಗಿ ಅವಳನ್ನು ಕರೆದೊಯ್ಯುವ ಕೆಲಸ ನನಗೆ ಬಿತ್ತು.

ನಾನು ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ಬೆಳೆದವನು. ಕೋಳಿ ಕೂಗುವ ಮೊದಲು ಏಳುವುದು, ತಣ್ಣೀರು, ಲಿಂಗಪೂಜೆ, ಪ್ರಸಾದ, ಓದು. ಈ ಕ್ರಮ ಮೈಗೆ ಹತ್ತಿದ ಮೇಲೆ ಬಿಡುವುದಿಲ್ಲ. ಸುಧಾಳ ಮನೆಯಲ್ಲಿ ಇದ್ದದ್ದು ಒಂದೇ ಬಚ್ಚಲು. ಹೋದ ಮಾರನೆಯ ದಿನವೇ ಯಾರು ಯಾವಾಗ ಸ್ನಾನ ಮಾಡಬೇಕೆಂದು ಒಂದು ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಕೂಸೊಂದನ್ನು ಬಿಟ್ಟು ಎಲ್ಲರೂ ಅದನ್ನು ಪಾಲಿಸಿದರು.

ನಾವು ಊರಿಗೆ ಮರಳುವ ಮುಂಚಿನ ವಾರ ಅಳಿಯ ಹೇಳಿದ: "ಇಷ್ಟು ದೂರ ಬಂದಿದ್ದೀರಿ. ಪೆನಾಂಗ್ ನೋಡದೆ ಹೋದರೆ ಜನ ನನ್ನನ್ನು ಬೈತಾರೆ." ಅವನೇ ಒಂದು ಟ್ಯಾಕ್ಸಿ ಗೊತ್ತುಮಾಡಿದ. ಅಕ್ಕ ಮುಂಜಾನೆಯೇ ಕೂಸಿಗೆ ಎರೆದು, ರಾಗಿರೊಟ್ಟಿ ತಟ್ಟಿ, ಊರಿಂದ ತಂದಿದ್ದ ಹುಚ್ಚೆಳ್ಳು ಚಟ್ನಿಪುಡಿಯ ಜೊತೆ ಡಬ್ಬಿಗೆ ತುಂಬಿಕೊಂಡಳು.

ದೋಣಿಯ ಮೇಲೆ ಕಾರು

ಟ್ಯಾಕ್ಸಿಯವನ ಹೆಸರು ಸೆಲ್ವಂ. ನಡುವಯಸ್ಸಿನ ತಮಿಳ. ಅವನ ಅಜ್ಜ ರಬ್ಬರ್ ತೋಟದ ಕೂಲಿಗೆಂದು ಧರ್ಮಪುರಿ ಕಡೆಯಿಂದ ಹಡಗು ಹತ್ತಿ ಬಂದವನಂತೆ. ಅವನೊಂದಿಗೆ ನಾವು ಆಡಿದ್ದೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅಕ್ಕನಿಗೆ ಬರುವುದು ಸಂತೆಯ ತಮಿಳು, ಬೆಳ್ಳುಳ್ಳಿ ಮಾರಲು ಸಾಕಾಗುವಷ್ಟು. ಸಿಟ್ಟು ಬಂದರೆ ಅದೂ ಮರೆತುಹೋಗುತ್ತದೆ.

ದ್ವೀಪಕ್ಕೆ ಸೇತುವೆ ಇದೆ. ಆದರೂ ಸೆಲ್ವಂ ನಮ್ಮನ್ನು ದೊಡ್ಡ ದೋಣಿಯ ಮೇಲೆ ದಾಟಿಸಿದ. ನಾವು ಕೂತಿದ್ದ ಹಾಗೆಯೇ ಕಾರು ದೋಣಿಯೊಳಕ್ಕೆ ಹೋಯಿತು. ಒಂದರ ಹಿಂದೊಂದು ವಾಹನಗಳು ನಿಂತವು, ಯಾರೂ ಹಾರನ್ ಒತ್ತಲಿಲ್ಲ, ಯಾರೂ ನುಗ್ಗಲಿಲ್ಲ. ನನಗೆ ಆ ದೇಶದಲ್ಲಿ ಬಹಳ ಹಿಡಿಸಿದ ಸಂಗತಿ ಇದು.

"ಅಮ್ಮಾ, ಕಾರಲ್ಲೇ ಕೂತಿರಿ ಲಾ. ಭಯ ಬೇಡ ಲಾ" ಎಂದ ಸೆಲ್ವಂ. ಅಲ್ಲಿಯ ತಮಿಳರು ಮಾತಿಗೊಂದು 'ಲಾ' ಸೇರಿಸುತ್ತಾರೆ. ಅದು ಅಲ್ಲಿಯ ರೂಢಿ.

ಅಕ್ಕ ನನ್ನ ಕಡೆ ತಿರುಗಿದಳು. "ಏನ್ಲಾ ಮಾದಪ್ಪ, ಈ ಐದ ನಂಗೇ ಲಾ ಅಂತಾನಲ್ಲ!"

"ಅವ್ರ ಮಾತೇ ಅಂಗೆ ಅಕ್ಕ. ಪೊಲೀಸ್ನೋರ್ಗೂ ಲಾ ಅಂತಾರೆ."

"ಪೊಲೀಸ್ನೋರ್ಗ್ ಅನ್ಲಿ. ನಾನೇನ್ ಅವ್ನ್ ಜೊತೆ ಗೋಲಿ ಆಡಿದ್ನಾ?"

ನಾವು ಈರೋಡು ಜಿಲ್ಲೆಯವರು, ಆದರೆ ಮನೆಮಾತು ಕನ್ನಡ ಎಂದಾಗ ಸೆಲ್ವಂಗೆ ಅರ್ಥವಾಗಲಿಲ್ಲ. ನಮ್ಮ ಬೆಟ್ಟದಲ್ಲಿ ಕಚೇರಿಯ ಮಾತು ತಮಿಳು, ಅಡುಗೆಮನೆಯ ಮಾತು ಕನ್ನಡ ಎಂದು ವಿವರಿಸಿದೆ. ಅವನು ಸ್ವಲ್ಪ ಯೋಚಿಸಿ, "ನಂದೂ ಹಾಗೇ. ಕಾಗದಪತ್ರ ಮಲಯ, ಅಂಗಡಿ ಚೀನೀ, ಹೆಂಡತಿಯ ಬೈಗುಳ ತಮಿಳು" ಎಂದ. ಆಮೇಲೆ ಅಕ್ಕ ಅವನ 'ಲಾ'ವನ್ನು ಕ್ಷಮಿಸಿದಳು.

ಕೋಟೆ

ಇಂಗ್ಲಿಷರು ಈ ದ್ವೀಪದಲ್ಲಿ ಇಳಿದ ಕಡೆ ಒಂದು ಕೋಟೆ ಕಟ್ಟಿದ್ದಾರೆ. ಕೋಟೆ ಎಂದರೆ ಶ್ರೀರಂಗಪಟ್ಟಣವನ್ನು ನೆನೆಯಬಾರದು. ನಮ್ಮ ಶಾಲೆಯ ಆಟದ ಮೈದಾನಕ್ಕೆ ಗಿಡ್ಡ ಗೋಡೆ ಹಾಕಿದರೆ ಹೀಗೇ ಕಾಣುತ್ತದೆ. ಅದು ಒಂದು ಯುದ್ಧವನ್ನೂ ಕಂಡಿಲ್ಲವಂತೆ. ಹುಲ್ಲನ್ನು ಮಾತ್ರ ಬಹಳ ಚೆನ್ನಾಗಿ ಕತ್ತರಿಸಿದ್ದಾರೆ.

ಗೋಡೆಯ ಮೇಲೆ ಸಮುದ್ರದ ಕಡೆಗೆ ಬಾಯಿ ಮಾಡಿ ಹಳೆಯ ಫಿರಂಗಿಗಳಿವೆ. ಅವುಗಳಲ್ಲಿ ಒಂದು ದೊಡ್ಡದು. ಅದರ ಬಾಯಲ್ಲಿ ಯಾರೋ ಹೂವು ಇಟ್ಟಿದ್ದರು. ಮಕ್ಕಳಾಗದ ಹೆಂಗಸರು ಬಂದು ಹೀಗೆ ಹೂವಿಟ್ಟು ಬೇಡಿಕೊಳ್ಳುತ್ತಾರೆಂದು ಸೆಲ್ವಂ ಹೇಳಿದ. ಅಕ್ಕ ಫಿರಂಗಿಯ ಸುತ್ತ ಒಂದು ಸುತ್ತು ಬಂದು, ಬಾಯೊಳಗೆ ಬಗ್ಗಿ ನೋಡಿದಳು.

"ಗಂಡ್ಸು ಊರ್ ಸುಡಾಕ್ ಅಂತ ಮಾಡ್ದ. ಎಣ್ಣು ಅದ್ಕೂ ಊವ ಮುಡ್ಸವ್ಳೆ" ಎಂದಳು.

ನಾನು ಅಕ್ಕನನ್ನು ಫಿರಂಗಿಯ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದೆ. ಊರಿಗೆ ಬಂದು ರೀಲು ತೊಳೆಸಿದಾಗ ಫಿರಂಗಿ ಪೂರ್ತಿ ಬಂದಿತ್ತು, ಅಕ್ಕ ಅರ್ಧ ಬಂದಿದ್ದಳು.

ಮಲಗಿದ ಬುದ್ಧ

ಪಟ್ಟಣದೊಳಗೇ ಸಯಾಮಿನವರು ಕಟ್ಟಿದ ದೇವಸ್ಥಾನವೊಂದಿದೆ. ಒಳಗೆ ಬುದ್ಧ ಬಲಗೈ ತಲೆಗಿಟ್ಟುಕೊಂಡು ಮಲಗಿದ್ದಾನೆ. ತಲೆಯಿಂದ ಪಾದಕ್ಕೆ ನಡೆಯಲು ಸಾಕಷ್ಟು ಹೊತ್ತು ಬೇಕು. ಮೈಯೆಲ್ಲ ಚಿನ್ನದ ಬಣ್ಣ. ಅವನ ಬೆನ್ನ ಹಿಂದೆ ಗೋಡೆಯ ತುಂಬ ಸಣ್ಣ ಸಣ್ಣ ಗೂಡುಗಳು. ಒಂದೊಂದರಲ್ಲಿ ಒಂದೊಂದು ಮಡಕೆ, ಮಡಕೆಯಲ್ಲಿ ಸತ್ತವರ ಬೂದಿ, ಮುಂದೆ ಅವರ ಫೋಟೋ. ಅಂಚೆ ಕಚೇರಿಯಲ್ಲಿ ಊರೂರಿನ ಕಾಗದಗಳನ್ನು ಬೇರೆ ಬೇರೆ ಗೂಡಿಗೆ ಹಾಕಿದಷ್ಟು ಅಚ್ಚುಕಟ್ಟು.

ಚೀನೀ ಹೆಂಗಸರು ಊದಿನಕಡ್ಡಿ ಹಿಡಿದು ಬಾಗುತ್ತಿದ್ದರು. ಸೆಲ್ವಂ ಕೈಮುಗಿದ. ಅಕ್ಕ ಮುಗಿಯಲಿಲ್ಲ.

"ಅಮ್ಮಾ, ಇದೂ ದೇವರೇ" ಎಂದ ಅವನು.

"ಇರ್ಬೋದಪ್ಪ" ಎಂದಳು ಅಕ್ಕ, ಎದೆಯ ಮೇಲಿದ್ದ ಬಿಳಿ ಗಂಟನ್ನು ಮುಟ್ಟಿ. "ನಂದು ಇಲ್ಲೇ ಅದೆ. ಮನೇಲ್ ಗಂಡನ್ ಇಟ್ಕೊಂಡು ಬೀದೀಲ್ ಯಾಕ್ ನೋಡ್ಲಿ?"

ಆ ಗಂಟಿನ ವಿಷಯ ಹೇಳಬೇಕು. ಊರಲ್ಲಿ ಅಕ್ಕ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಧರಿಸುತ್ತಾಳೆ. ವಿಮಾನ ನಿಲ್ದಾಣದ ಯಂತ್ರ ಬೆಳ್ಳಿಯನ್ನು ಕಂಡರೆ ಕೂಗುತ್ತದೆ, ಬಿಚ್ಚಿಸುತ್ತಾರೆ ಎಂದು ಯಾರೋ ಹೆದರಿಸಿದ್ದರು. ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಿದ್ದಳು. ನಾನು ದಿನಕ್ಕೊಮ್ಮೆ, ಮುಂಜಾನೆ ಪೂಜೆ ಮಾಡುವವನು. ಅವಳದು ಮೂರು ಹೊತ್ತು. ಲಿಂಗಕ್ಕೆ ತೋರಿಸದೆ ಅವಳು ಒಂದು ತುತ್ತು ಬಾಯಿಗೆ ಹಾಕುವುದಿಲ್ಲ, ಒಂದು ಗುಟುಕು ನೀರು ಕುಡಿಯುವುದಿಲ್ಲ.

ಜಾಯಿಕಾಯಿ ಅಂಗಡಿ

ಅಲ್ಲಿಂದ ಕಡಲತೀರ ಹಿಡಿದು ಹೋಗಿ, ಬೆಟ್ಟ ಹತ್ತಿ ದ್ವೀಪದ ಬೆನ್ನಿನ ಕಡೆಗೆ ಇಳಿಯಬೇಕು. ತಿರುವುಗಳು ಬರುತ್ತವೆ ಎಂದು ಸೆಲ್ವಂ ಎಚ್ಚರಿಸಿದ. ನಮ್ಮ ಬೆಟ್ಟದ ದಿಂಬಂ ಘಾಟಿಯಲ್ಲಿ ಕಬ್ಬಿನ ಲಾರಿಯ ಹಿಂದೆ ಬಸ್ಸಿನಲ್ಲಿ ಕೂತವರಿಗೆ ಅವು ತಿರುವುಗಳೇ ಅಲ್ಲ. ಅಕ್ಕ ನಿದ್ದೆ ಮಾಡಿದಳು. ಎದ್ದಾಗ ಎರಡೂ ಕಡೆ ಹಸಿರು ಕಾಡು, ನಡುವೆ ಹಣ್ಣಿನ ತೋಟಗಳು.

"ಇಲ್ಲಿ ಆನೆ ಎಷ್ಟವೆ?" ಎಂದು ಕೇಳಿದಳು.

"ಆನೆ ಇಲ್ಲಮ್ಮ. ಕೋತಿ ಇದೆ."

"ಅಂದಿ?"

"ಎಲ್ಲೋ ಒಂದೊಂದು."

ಅಕ್ಕ ಕಿಟಕಿಯಿಂದ ತೋಟಗಳನ್ನು ಬಹಳ ಹೊತ್ತು ನೋಡಿದಳು. ಕಂದಕವಿಲ್ಲ, ತಂತಿ ಬೇಲಿ ಇಲ್ಲ, ಮರದ ಮೇಲೆ ಕಾವಲಿನ ಅಟ್ಟಣೆ ಇಲ್ಲ. ಆನೆಯ ಕಾಟದಲ್ಲಿರುವ ತಿಗನಾರೆಯ ನಮ್ಮ ನೆಂಟರು ಇದನ್ನು ನೋಡಿದ್ದರೆ ನಂಬುತ್ತಿರಲಿಲ್ಲ. "ನೋಡ್ಲಾ ಮಾದಪ್ಪ, ಬಿತ್ತಿದ್ನೆಲ್ಲ ತಾವೇ ಕುಯ್ಕೊತಾರೆ. ಎಂತಾ ಪುಣ್ಯ" ಎಂದಳು.

ಇಳಿಜಾರಿನಲ್ಲಿ, ರಸ್ತೆಯ ಪಕ್ಕದಲ್ಲಿ, ತಗಡಿನ ಮಾಡಿನ ಒಂದು ಅಂಗಡಿ. ಅಂಗಡಿಯವ ಲಿಮ್ ಎಂಬ ಚೀನೀ ಮುದುಕ, ಬನಿಯನ್ನು, ಚಡ್ಡಿ, ರಬ್ಬರ್ ಚಪ್ಪಲಿ. ಅವನು ಮಾರುವುದೆಲ್ಲ ಜಾಯಿಕಾಯಿ. ನಮ್ಮಲ್ಲಿ ಜಾಯಿಕಾಯಿ ಎಂದರೆ ಕೂಸಿನ ಹೊಟ್ಟೆನೋವಿಗೆ ತೇಯುವ ಒಣ ಬೀಜ. ಇಲ್ಲಿ ಬೀಜದ ಸುತ್ತಲಿನ ಹಣ್ಣನ್ನೂ ಸಕ್ಕರೆಯಲ್ಲಿ ಹಾಕುತ್ತಾರೆ, ಉಪ್ಪಿನಲ್ಲಿ ಹಾಕುತ್ತಾರೆ, ಹಿಂಡಿ ಪಾನಕ ಮಾಡುತ್ತಾರೆ. ಪಾನಕ ಕೆಂಪಗೆ, ತಣ್ಣಗೆ, ನಾಲಿಗೆಯನ್ನು ಸ್ವಲ್ಪ ಚುರುಗುಟ್ಟಿಸುತ್ತದೆ. ನಾನೂ ಸೆಲ್ವಂನೂ ಕುಡಿದೆವು. ಅಕ್ಕ ಮೊಮ್ಮಗುವಿಗೆಂದು ಬೀಜಗಳನ್ನು ಆರಿಸಿ ಕೊಂಡಳು.

ಅಂಗಡಿಯ ಹಿಂದೆ ದೊಡ್ಡ ಮರ, ಬೆಟ್ಟದಿಂದ ಬಿದಿರಿನ ಕೊಳವೆಯಲ್ಲಿ ಬೀಳುವ ನೀರು. ಅಕ್ಕ ಅದಕ್ಕೆ ಕೈಯೊಡ್ಡಿ ನೋಡಿ, "ನೀರು ನಮ್ ಬೆಟ್ಟದ್ ನೀರ್ ಇದ್ದಂಗದೆ ಕಣ್ಲಾ. ಮದ್ಯಾನದ್ ಪೂಜೆ ಇಲ್ಲೇ ಮುಗ್ಸ್ಕೊಬುಡ್ತೀನಿ. ಆಮೇಲ್ ಕುಡೀತೀನಿ ನಿನ್ ಪಾನಕವ" ಎಂದಳು.

ನಾನು ಅಂಗಡಿಯ ಬೆಂಚಿನಿಂದ ನೋಡುತ್ತಿದ್ದೆ. ಕಲ್ಲಿನ ಮೇಲೆ ಕೂತು, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಅಲ್ಲೇ ಬಿದ್ದಿದ್ದ ಹೂವೊಂದನ್ನು ಏರಿಸಿದಳು. ಆಮೇಲೆ ಲಿಂಗವನ್ನೂ ವಿಭೂತಿ ಗಟ್ಟಿಯನ್ನೂ ಅಗಲವಾದ ಎಲೆಯ ಮೇಲಿಟ್ಟು, ಬೆವರು ಹಿಡಿದಿದ್ದ ವಸ್ತ್ರವನ್ನು ಕೊಳವೆಯ ನೀರಿಗೆ ಹಿಡಿದು ಜಾಲಿಸತೊಡಗಿದಳು.

ಆಗ ಮಳೆ ಬಂತು. ಅಲ್ಲಿಯ ಮಳೆ ಮುನ್ಸೂಚನೆ ಕೊಡುವುದಿಲ್ಲ. ಮೇಲಿನಿಂದ ಯಾರೋ ಕೊಡ ಮಗುಚಿದ ಹಾಗೆ. "ಅಮ್ಮಾ, ಬನ್ನಿ ಲಾ! ರಸ್ತೆ ಜಾರುತ್ತೆ, ಹೊರಡೋಣ" ಎಂದು ಸೆಲ್ವಂ ಕೂಗಿದ. ಅಕ್ಕ ಕನ್ನಡಕದ ಮೇಲೆಲ್ಲ ನೀರು ಸುರಿಸಿಕೊಂಡು, ವಸ್ತ್ರದ ಗಂಟು ಬಿಗಿಯುತ್ತ, ಸೆರಗು ತಲೆಗೆಳೆದುಕೊಂಡು ಓಡಿ ಬಂದು ಕಾರು ಹತ್ತಿದಳು. ಪಾನಕ ಕುಡಿಯಲಿಲ್ಲ.

ಹಾವಿನ ದೇವಸ್ಥಾನ

ಬೆಟ್ಟ ಇಳಿದು ದಕ್ಷಿಣಕ್ಕೆ ಹೋದರೆ ಹಾವಿನ ದೇವಸ್ಥಾನ. ಇಲ್ಲಿ ಕಲ್ಲಿನ ನಾಗರವಿಲ್ಲ, ಜೀವಂತ ಹಾವುಗಳೇ ಇವೆ. ಹಸಿರು ಬಣ್ಣದ ಮಂಡಲದ ಹಾವುಗಳು ದೇವರ ಮುಂದೆ ನೆಟ್ಟ ಒಣಕೊಂಬೆಗಳಿಗೆ ಸುತ್ತಿಕೊಂಡು ಮಲಗಿರುತ್ತವೆ. ಅವುಗಳ ಕೆಳಗೆ ಜನ ಕೋಳಿಮೊಟ್ಟೆ ಇಡುತ್ತಾರೆ. ಊದಿನಕಡ್ಡಿಯ ಹೊಗೆಗೆ ಅವಕ್ಕೆ ಮಂಪರು ಎಂದು ಕೆಲವರು, ಹಗಲಿಗೆ ನಿದ್ದೆ ಎಂದು ಕೆಲವರು. ನಾನಿದ್ದಷ್ಟು ಹೊತ್ತು ಒಂದೂ ಅಲುಗಲಿಲ್ಲ.

"ದಿಟದ್ ಆವಾ?" ಎಂದು ಅಕ್ಕ ಕೇಳಿದಳು.

"ದಿಟದ್ದೇ."

"ನಮ್ಮೋರ್ ಆಗಿದ್ರೆ ಇಷ್ಟೊತ್ಗೆ ಒಬ್ಬ ದೊಣ್ಣೆ ತರ್ತಿದ್ದ, ಇನ್ನೊಬ್ಬ ಆಲ್ ತರ್ತಿದ್ದ, ಇಬ್ರೂ ಜಗಳ ಆಡ್ತಿದ್ರು. ಆವು ಅಷ್ಟೊತ್ಗೆ ಓಗ್ಬುಡ್ತಿತ್ತು."

ಮರದ ಕೆಳಗೆ ಊಟ

ದೇವಸ್ಥಾನದ ಹೊರಗೆ ನೆರಳು ನೋಡಿ ಡಬ್ಬಿ ಬಿಚ್ಚಿದೆವು. ಅಲ್ಲಿ ಮಳೆಯ ಸುಳಿವೂ ಇರಲಿಲ್ಲ, ಬಿಸಿಲು ಸುಡುತ್ತಿತ್ತು. ರೊಟ್ಟಿಯನ್ನು ಲಿಂಗಕ್ಕೆ ತೋರಿಸಲೆಂದು ಅಕ್ಕ ಕೊರಳ ಗಂಟು ಬಿಚ್ಚಿದಳು. ವಸ್ತ್ರದ ತುಂಬ ಬಿಳಿ ಕೆಸರು. ಅದರ ನಡುವೆ ಅರ್ಧ ಕರಗಿದ ವಿಭೂತಿ ಗಟ್ಟಿ.

ಆದದ್ದು ಇಷ್ಟು. ಎರಡೂ ಒಂದೇ ಗಾತ್ರ, ವಿಭೂತಿ ಹಚ್ಚಿಸಿಕೊಂಡ ಲಿಂಗವೂ ಬೆಳ್ಳಗೇ ಇತ್ತು. ಮಳೆಯ ನೀರು ಇಳಿಯುತ್ತಿದ್ದ ಕನ್ನಡಕದಲ್ಲಿ ಅಕ್ಕ ಲಿಂಗವೆಂದು ವಿಭೂತಿ ಗಟ್ಟಿಯನ್ನು ಕಟ್ಟಿಕೊಂಡು ಬಂದಿದ್ದಳು. ಲಿಂಗ ಅಂಗಡಿಯ ಹಿಂದೆ, ಎಲೆಯ ಮೇಲೆ ಉಳಿದಿತ್ತು.

ಅಕ್ಕ ಕೂಗಾಡಲಿಲ್ಲ. ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

ನಾನು ನೀರಿನ ಬಾಟಲಿ ಕೊಟ್ಟೆ. ಪಕ್ಕಕ್ಕಿಟ್ಟಳು.

"ನೀರಾದ್ರೂ ಕುಡಿ ಅಕ್ಕ. ಬಿ.ಪಿ. ಮಾತ್ರೆ ತಕೋಬೇಕು."

"ಕುಡಿಯಕಿಲ್ಲ."

"ಸಿಗ್ನಿಲ್ಲ ಅಂದ್ರೆ?"

"ಊರ್ಗ್ ಓಗಿ ಸ್ವಾಮಗಳ್ ಕೈಲಿ ಬ್ಯಾರೆ ಕಟ್ಟಿಸ್ಕೊಂಡ ಮ್ಯಾಲೆ ಉಣ್ತೀನಿ. ಅಲ್ಲಿಗಂಟ ಕೂಸ್ನೂ ಮುಟ್ಟಕಿಲ್ಲ. ಸುಧಾಗ್ ಯೋಳ್ಬುಡು, ನಾಳಿಂದ ಎರಿಯೋಕ್ ಬ್ಯಾರೆಯೋರ್ನ ನೋಡ್ಕೊಳ್ಳಿ."

ನಮ್ಮ ವಿಮಾನ ಇದ್ದದ್ದು ಮುಂದಿನ ವಾರ. ಅಕ್ಕನಿಗೆ ಎಪ್ಪತ್ತು ದಾಟಿತ್ತು. ಅವಳು ಹೇಳಿದ್ದನ್ನು ಮಾಡುವವಳು. ಗಂಡ ತೀರಿದಾಗ ಬಿಟ್ಟ ಎಲೆಅಡಿಕೆಯನ್ನು ಮತ್ತೆ ಮುಟ್ಟಿರಲಿಲ್ಲ.

ಸೆಲ್ವಂ ವಿಷಯ ಕೇಳಿ ಸಮಾಧಾನ ಹೇಳಿದ. "ಸಣ್ಣ ಕಲ್ಲು ತಾನೆ ಅಮ್ಮಾ? ಪಟ್ಟಣದಲ್ಲಿ ನಮ್ಮವರ ಪೂಜಾಸಾಮಾನಿನ ಅಂಗಡಿ ಇದೆ. ಹೊಸದು ತಗೊಳ್ಳೋಣ."

ಅಕ್ಕನ ತಮಿಳು ಅಲ್ಲಿಗೆ ಮುಗಿಯಿತು. "ನಿನ್ ತಲೆ ಒಡೆದ್ರೆ ಅಂಗ್ಡೀಲ್ ಬ್ಯಾರೆ ತಂದ್ ಇಟ್ಕೊತೀಯೇನಪ್ಪ?" ಎಂದಳು ಕನ್ನಡದಲ್ಲಿ. ಸೆಲ್ವಂಗೆ ಅರ್ಥ ಬೇಕಾಗಲಿಲ್ಲ. ಕಾರಿನ ಬಾಗಿಲು ತೆರೆದ.

ಮತ್ತೆ ಬೆಟ್ಟದ ದಾರಿ

ಆಮೇಲೆ ನೋಡಬೇಕಾಗಿದ್ದದ್ದು ಬೆಟ್ಟದ ರೈಲು. ಕಡಿದಾದ ಬೆಟ್ಟವನ್ನು ಹಗ್ಗದ ಮೇಲೆ ಏರುವ ರೈಲು ಅದು. ನಾನು ಆ ದಿನ ಹೊರಟದ್ದೇ ಅದಕ್ಕಾಗಿ. ಅದನ್ನು ಕೈಬಿಟ್ಟೆವು.

ದಾರಿಯುದ್ದಕ್ಕೂ ಅಕ್ಕ ಖಾಲಿ ವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಒಣಗಿತ್ತು. ಕಾರಿನೊಳಗೆ ತಣ್ಣನೆಯ ಗಾಳಿ ಇದ್ದರೂ ಹಣೆಯಲ್ಲಿ ಬೆವರಿತ್ತು. ನಾನು ಎರಡು ಸಲ ನೀರು ಚಾಚಿ, ಎರಡು ಸಲ ವಾಪಸು ತೆಗೆದುಕೊಂಡೆ.

"ಕೋತಿ ಎತ್ತಿಕೊಂಡು ಹೋಗದಿದ್ದರೆ ಸಾಕು" ಎಂದ ಸೆಲ್ವಂ.

"ಮಾತ್ ಎತ್ಬ್ಯಾಡ ಅಂತ ಯೋಳ್ಲಾ ಅವ್ನ್ಗೆ" ಎಂದಳು ಅಕ್ಕ, ಕಣ್ಣು ತೆರೆಯದೆ.

ಅಂಗಡಿಯ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಅವಳು ಇಳಿದಳು. ಕೊಳವೆಯ ಬಳಿಯ ಕಲ್ಲಿನ ಮೇಲೆ ಏನೂ ಇರಲಿಲ್ಲ, ಎಲೆಯೂ ಇರಲಿಲ್ಲ. ಮೂವರೂ ಬಗ್ಗಿ ಹುಡುಕಿದೆವು. ನೀರು ಹರಿಯುವ ಕಾಲುವೆಯಲ್ಲಿ ನಾನು ಕೈ ಹಾಕಿ ಕೆಸರು ತಡವಿದೆ. ಜಿಗಣೆಯೊಂದು ಸಿಕ್ಕಿತು.

ನಮ್ಮ ಗಲಾಟೆಗೆ ಲಿಮ್ ಹಿಂಬಾಗಿಲಿಗೆ ಬಂದ. ಸೆಲ್ವಂ ಚೀನೀ, ಮಲಯ ಎರಡೂ ಬೆರೆಸಿ, ಬೆರಳುಗಳಿಂದ ಗಾತ್ರ ತೋರಿಸಿ ಕೇಳಿದ. ಲಿಮ್ ಮುಖ ಅರಳಿಸಿ ಮರದ ಬುಡದ ಕಡೆ ತೋರಿಸಿದ.

ಕೆಂಪು ಗುಡಿ

ಮರದ ಬುಡದಲ್ಲಿ ಕೋಳಿಗೂಡಿನಷ್ಟು ದೊಡ್ಡ ಒಂದು ಕೆಂಪು ಗುಡಿ ಇತ್ತು. ಒಳಗೆ ಟೋಪಿ ಹಾಕಿದ ಒಬ್ಬ ಮುದುಕನ ಪುಟ್ಟ ಬೊಂಬೆ. ಮುಂದೆ ವೀಳ್ಯದೆಲೆ, ಸುಣ್ಣ, ಒಂದು ಸಿಗರೇಟು, ಸಾಂಬ್ರಾಣಿಯ ಹೊಗೆ. ಮುದುಕನ ಪಕ್ಕದಲ್ಲಿ, ಅದೇ ಅಗಲವಾದ ಎಲೆಯ ಮೇಲೆ, ಅಕ್ಕನ ಲಿಂಗ. ಅದರ ಮುಂದೆ ಎರಡು ಕಿತ್ತಳೆಹಣ್ಣು, ಹೊಗೆಯಾಡುವ ಊದಿನಕಡ್ಡಿ.

ಅಕ್ಕ "ಸಿವನೇ" ಎಂದು ಕುಸಿದು ಕೂತಳು.

ಲಿಮ್ ಹೇಳಿದ್ದನ್ನು ಸೆಲ್ವಂ ನಮಗೆ ಹೇಳುತ್ತ ಹೋದ. "ಮಳೆ ನಿಂತ ಮೇಲೆ ನೀರಿಗೆ ಬಂದೆ. ಎಲೆ ಹಾಸಿಕೊಂಡು ಕೂತಿತ್ತು. ತಲೆಯ ಮೇಲೆ ಹೂವು. ಇಷ್ಟು ಮರ್ಯಾದೆ ಮಾಡಿಸಿಕೊಂಡದ್ದು ಬರೀ ಕಲ್ಲಲ್ಲ ಅಂತ ಗೊತ್ತಾಯಿತು. ಒದ್ದೆಯಾಗಿ ಕೂತಿದೆಯಲ್ಲ ಪಾಪ, ಅಂತ ತಂದು ಅಜ್ಜನ ಮನೆಯಲ್ಲಿ ಕೂರಿಸಿದೆ."

ಅಜ್ಜ ಎಂದರೆ ಆ ಬೊಂಬೆ. ದಾತುಕ್ ಎನ್ನುತ್ತಾರೆ. ಆ ನೆಲದ ಹಿರಿಯ, ಆ ಜಾಗವನ್ನು ಕಾಯುವವನು; ನಮ್ಮ ಹೊಲದ ಬದುವಿನ ಮುನಿಯಪ್ಪನಿದ್ದ ಹಾಗೆ. ಚೀನೀಯರಿಗೂ ಮೊದಲು ಆ ನೆಲದಲ್ಲಿದ್ದ ಮಲಯ ಮುಸಲ್ಮಾನನಾದ್ದರಿಂದ ಅವನಿಗೆ ಹಂದಿಮಾಂಸ ಇಡುವಂತಿಲ್ಲ.

ಅಕ್ಕ ಕೈ ಚಾಚಿದಳು. ಲಿಮ್ ಮೆಲ್ಲಗೆ ಅಡ್ಡ ಬಂದ. ಒರಟಾಗಿ ಅಲ್ಲ, ಆದರೆ ಅಡ್ಡ ಬಂದ.

"ಅಜ್ಜನ ಮನೆಗೆ ಸೇರಿದ ಮೇಲೆ ಅವನನ್ನು ಕೇಳದೆ ಎತ್ತುವಂತಿಲ್ಲವಂತೆ" ಎಂದ ಸೆಲ್ವಂ. "ಕೇಳ್ತಾನಂತೆ. ಬೇಗ ಆಗುತ್ತೆ ಲಾ."

ನಾನು ಆಕ್ಷೇಪಿಸಲು ಬಾಯಿ ತೆರೆದೆ. ವಸ್ತು ಯಾರದೆಂದು ಎಲ್ಲರಿಗೂ ಗೊತ್ತಿರುವಾಗ ಬೊಂಬೆಯ ಅಪ್ಪಣೆ ಏತಕ್ಕೆ? ಅಕ್ಕನೇ ತಡೆದಳು. "ಸುಮ್ನಿರ್ಲಾ. ನಮ್ ಮಾರಮ್ಮನ್ ಗುಡೀಲಿ ಊವ ಕೇಳಾಕಿಲ್ವಾ? ಕೇಳ್ಲಿ ಬುಡು."

ನಮ್ಮಲ್ಲಿ ದೇವರ ನೆತ್ತಿಯ ಮೇಲೆ ಹೂವಿಟ್ಟು ಕಾಯುತ್ತಾರೆ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಅವರಲ್ಲಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳಿವೆ. ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ಎಸೆದಾಗ ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ಒಪ್ಪಿಗೆ. ಎರಡೂ ಉಬ್ಬಾದರೆ ಇಲ್ಲ. ಎರಡೂ ಚಪ್ಪಟೆಯಾದರೆ ದೇವರು ನಗುತ್ತಿದ್ದಾನೆ ಎಂದರ್ಥ.

ಲಿಮ್ ಚಪ್ಪಲಿ ಬಿಟ್ಟು ಮಂಡಿಯೂರಿ ಏನೋ ಗುನುಗಿ ತುಂಡುಗಳನ್ನು ಎಸೆದ. ಎರಡೂ ಚಪ್ಪಟೆ.

"ಅಜ್ಜ ನಗ್ತಿದ್ದಾನಂತೆ."

"ನಗ್ಲಿ. ನಾನ್ ಮಾಡಿರೋದು ನಗೋ ಕೆಲ್ಸಾನೇ" ಎಂದಳು ಅಕ್ಕ.

ಮತ್ತೆ ಎಸೆದ. ಎರಡೂ ಉಬ್ಬು. ಲಿಮ್ ತಲೆ ಅಲ್ಲಾಡಿಸಿದ. ಅವನ ಮುಖವೂ ಸಪ್ಪಗಾಯಿತು. ಅಕ್ಕ ಬಿಳಿಚಿಕೊಂಡಳು. ಅವಳು ಬೀಳಬಹುದೆಂದು ನಾನು ಹತ್ತಿರ ಸರಿದು ನಿಂತೆ.

"ಏನಂತ ಕೇಳ್ದ ಇವ್ನು?" ಎಂದಳು.

ಸೆಲ್ವಂ ವಿಚಾರಿಸಿ ಹೇಳಿದ: "'ಅಜ್ಜ, ನಿನ್ನ ಮನೆಗೆ ಬಂದ ಅತಿಥಿಯನ್ನು ಕಳಿಸಿಕೊಡಲೇ?' ಅಂತ."

"ನೆಂಟ್ರು ಅಂದ್ನಾ?" ಅಕ್ಕನ ಧ್ವನಿಗೆ ಜೀವ ಬಂತು. "ಅದ್ಕೇ ಬ್ಯಾಡ ಅಂದವ್ನೆ. ಮದ್ಯಾನದ್ ಒತ್ನಲ್ಲಿ ನೆಂಟ್ರಿಗ್ ಉಣ್ಣಾಕ್ ಇಕ್ಕದೆ ಯಾವ್ ಮನೆಯೋರು ಕಳಸ್ತಾರೆ? ಮಾನ ಮರ್ವಾದೆ ಇರೋ ಅಜ್ಜ ಕಣ್ಲಾ ಇವ್ನು. ಡಬ್ಬಿ ತಕಬಾ."

ಕಾರಿನಿಂದ ಡಬ್ಬಿ ತಂದೆ. ಅಕ್ಕ ಕೊಳವೆಯ ನೀರಿಗೆ ಕೈಕಾಲು ತೊಳೆದು, ಎರಡು ಎಲೆ ಕಿತ್ತು, ಒಂದೊಂದರ ಮೇಲೆ ಒಂದೊಂದು ರೊಟ್ಟಿ, ಚಟ್ನಿಪುಡಿ ಇಟ್ಟಳು. ಒಂದನ್ನು ಲಿಂಗದ ಮುಂದೆ, ಒಂದನ್ನು ಟೋಪಿಯ ಮುದುಕನ ಮುಂದೆ. ಲಿಮ್ ರೊಟ್ಟಿಯ ಬಣ್ಣ ನೋಡಿ ಏನೋ ಕೇಳಿದ.

"ಮಾಂಸ ಏನಾದರೂ ಇದೆಯಾ ಅಂತ ಕೇಳ್ತಾನೆ" ಎಂದ ಸೆಲ್ವಂ.

"ಲಿಂಗವಂತರ್ ಮನೆ ರೊಟ್ಟಿ ಕಣಪ್ಪ ಅನ್ನು. ಅಜ್ಜ ದೈರ್ಯವಾಗ್ ತಿನ್ಲಿ."

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕಾದೆವು, ಮನೆಯಲ್ಲಿ ಹಿರಿಯರು ಉಣ್ಣುವಾಗ ಕಾಯುವ ಹಾಗೆ. ಆಮೇಲೆ ಲಿಮ್ ಮೂರನೆಯ ಸಲ ಎಸೆದ. ಒಂದು ಚಪ್ಪಟೆ, ಒಂದು ಉಬ್ಬು.

ಎರಡು ತುಂಡು ಎಸೆದರೆ ಹಾಗೆ ಬೀಳುವ ಅವಕಾಶ ಅರ್ಧಕ್ಕರ್ಧ ಇದ್ದೇ ಇದೆ. ಶಾಲೆಯಲ್ಲಿ ಈ ಲೆಕ್ಕವನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಅಲ್ಲಿ ಹೇಳಲಿಲ್ಲ.

ಲಿಮ್ ಎದ್ದು ಪಕ್ಕಕ್ಕೆ ಸರಿದು, ನೀವೇ ಎತ್ತಿಕೊಳ್ಳಿ ಎಂದು ಅಕ್ಕನಿಗೆ ಸನ್ನೆ ಮಾಡಿದ. ಅವಳು ಎರಡೂ ಕೈಯಲ್ಲಿ ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಕೊಳವೆಯ ನೀರಲ್ಲಿ ತೊಳೆದು, ನನ್ನ ಕಿಸೆಯ ವಿಭೂತಿ ಇಸಿದುಕೊಂಡು ಹಚ್ಚಿದಳು. ವಸ್ತ್ರದಲ್ಲಿಟ್ಟಳು. ಗಂಟು ಹಾಕುವ ಮೊದಲು ಕೈ ತಡೆದು ನನ್ನ ಕಡೆ ನೋಡಿದಳು.

"ಮಠದಲ್ಲಿ ಓದ್ದೋನು ನೀನು. ಯೋಳು. ಮೈ ಬುಟ್ ಓಗಿ, ಇನ್ನೊಬ್ರ್ ಗುಡೀಲ್ ಕುಂತು, ಅವ್ರ್ ಕೈಲಿ ಪೂಜೆ ಮಾಡಿಸ್ಕೊಂಡ್ ಬಂದದೆ. ಇದ್ನ ಕಟ್ಕೊಂಡು ಉಣ್ಬೋದಾ?"

ನಿಯಮ ನನಗೆ ಗೊತ್ತಿತ್ತು. ಅಂಥ ಲಿಂಗ ಮೊದಲು ಗುರುವಿನ ಕೈ ಸೇರಬೇಕು, ಅವರು ಮತ್ತೆ ಕಟ್ಟಿದ ಮೇಲೆ ಪ್ರಸಾದ. ಮಠದಲ್ಲಿ ಇದನ್ನು ಬಾಯಿಪಾಠ ಮಾಡಿಸಿದ್ದರು. ನನ್ನ ಕೆಳಗಿನ ತರಗತಿಯವರಿಗೆ ನಾನೇ ಮಾಡಿಸಿದ್ದೆ. ಅಕ್ಕನ ತುಟಿಯ ಮೂಲೆಯಲ್ಲಿ ಬಿಳಿಯ ಪೊರೆ ಕಟ್ಟಿತ್ತು.

"ಉಣ್ಬೋದು ಅಕ್ಕ" ಎಂದೆ.

"ದಿಟವಾಗ್ಲೂ?"

"ದಿಟವಾಗ್ಲೂ."

ಅವಳು ಒಂದರ ಮೇಲೊಂದು ಗಂಟು ಬಿಗಿದು ಕೊರಳಿಗೆ ಹಾಕಿಕೊಂಡಳು. ಬೆಂಚಿನ ಮೇಲೆ ಕೂತು, ರೊಟ್ಟಿಯನ್ನು ಲಿಂಗಕ್ಕೆ ತೋರಿಸಿ ಮುರಿದಳು. ಅರ್ಧ ಬಾಟಲಿ ನೀರು ಒಂದೇ ಉಸಿರಿಗೆ ಕುಡಿದಳು. ಲಿಮ್‌ಗೂ ಸೆಲ್ವಂಗೂ ರೊಟ್ಟಿ ಕೊಟ್ಟಳು. ಲಿಮ್ ಚಟ್ನಿಪುಡಿಯ ಖಾರಕ್ಕೆ ಕಣ್ಣೀರು ಸುರಿಸಿ, ಒಳಗೆ ಹೋಗಿ ಎಲ್ಲರಿಗೂ ಪಾನಕ ತಂದಿಟ್ಟ.

ಎರಡನೆಯ ರೊಟ್ಟಿ ಅರ್ಧ ಆಗಿರಬೇಕು. ಅಕ್ಕ ನನ್ನ ಕಡೆ ನೋಡದೆ, ಅಗಿಯುತ್ತಲೇ ಹೇಳಿದಳು:

"ಸುಳ್ ಯೋಳ್ದೆ ಕಣ್ಲಾ."

ನಾನು ಪಾನಕದ ಲೋಟ ಎತ್ತಿಕೊಂಡೆ.

"ಊರ್ಗ್ ಓಗ್ತಿದ್ದಂಗೇ ಸ್ವಾಮಗಳ್ ತಾವ ಓಗಿ ಕೇಳ್ತೀನಿ. ಅವ್ರು ಬೈದ್ರೆ ನಿನ್ ಎಸ್ರೇ ಯೋಳೋದು" ಎಂದು ಕೈ ಚಾಚಿದಳು. "ಇನ್ನೊಂದ್ ರೊಟ್ಟಿ ಕೊಡು."